ಏಡ್ಸ್ ಲಸಿಕೆ: ಜನರ ಹಣ, ಜನರ ರಕ್ತ, ಲಾಭ ಯಾರದು?

ಏಡ್ಸ್ ರೋಗಕ್ಕೆ ಇನ್ನೆರಡು ವರ್ಷಗಳಲ್ಲಿ ಲಸಿಕೆಯೊಂದು ಪ್ರಯೋಗಕ್ಕೆ ಸಿದ್ಧವಾಗುವುದೆಂದು 1984ರಲ್ಲಿ ಅಮೆರಿಕದ ಆರೋಗ್ಯ ಮಂತ್ರಿಣಿ ಮಾರ್ಗರೆಟ್ ಹೆಕ್ಲರ್ ಸಾರಿದರು. ನಲವತ್ತು ವರ್ಷಗಳು ಕಳೆದರೂ ಲಸಿಕೆ ಬಂದಿಲ್ಲ. ಬಾರದ ಲಸಿಕೆಗೆ ಹಣ ಸುರಿಯುವುದು ದಂಡವೆನ್ನುವವರಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ದಾಕು ಹಾಕಿ ಸಿಡುಬನ್ನು ಭೂಮಿಯಿಂದಲೇ ಅಟ್ಟಿದ ವಿಜ್ಞಾನ ಇಲ್ಲೇಕೆ ತಿಣುಕುತ್ತಿದೆ? ಅಂಗಡಿಯಲ್ಲಿ ಕುಳಿತ ವ್ಯಾಪಾರಿಗೆ ಇದು ಸುಲಭವಾಗಿ ತಿಳಿದೀತು. ಒಂದು ಬಗೆಯ ಖೋಟಾ ನೋಟನ್ನು ಗುರುತಿಸಲು ಕಲಿಯುವಷ್ಟರಲ್ಲಿ ಇನ್ನೊಂದು ಬಗೆಯದು ಗಲ್ಲಾಪೆಟ್ಟಿಗೆಗೆ ಬಂದು ಬೀಳುತ್ತದೆ. ಎಚ್‌ಐವಿ ವೈರಾಣುವಿನ ಕಸುಬೂ ಇದೇ. ರಕ್ತದ ಪ್ರತಿಕಾಯಗಳು ಅದರ ಹೊರಮೈಯನ್ನು ಗುರುತಿಸುವ ವೇಳೆಗೆ ಅದು ವೇಷ ಬದಲಿಸಿರುತ್ತದೆ. ಆದರೆ ಎಂಥ ಖೋಟಾ ನೋಟಾದರೂ ಚಲಾವಣೆಯಾಗಬೇಕಾದರೆ ಕೆಲವು ಗುರುತುಗಳನ್ನು ಬಿಡುವಂತಿಲ್ಲ. ಹಾಗೆಯೇ, ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಜಾಗವನ್ನು ಈ ವೈರಾಣು ಹೆಚ್ಚಾಗಿ ಬದಲಿಸಲಾರದು. ಆ ಜಾಗವನ್ನೇ ಹಿಡಿಯುವ ಪ್ರತಿಕಾಯವೊಂದನ್ನು 2010ರಲ್ಲಿ ಅಮೆರಿಕದ ಸರ್ಕಾರಿ ಸಂಶೋಧನಾಲಯವು ಪ್ರಕಟಿಸಿತು. ಅದು ದೊರೆತದ್ದು ಒಬ್ಬ ಸೋಂಕಿತರು ಕೊಟ್ಟ ರಕ್ತದಲ್ಲಿ.

ಆ ಪ್ರತಿಕಾಯವನ್ನೇ ಜನರ ರಕ್ತನಾಳಕ್ಕೆ ಕೊಟ್ಟು ನೋಡಿದ ಪ್ರಯೋಗದ ಫಲ 2021ರಲ್ಲಿ ಹೊರಬಂತು. ಒಟ್ಟಿನಲ್ಲಿ ಸೋಂಕು ತಗ್ಗಲಿಲ್ಲ. ಆದರೆ ಅದಕ್ಕೆ ಸುಲಭವಾಗಿ ಮಣಿಯುವ ವೈರಾಣುಗಳ ಸೋಂಕು ನೂರಕ್ಕೆ 75ರಷ್ಟು ತಗ್ಗಿತು. ದಾರಿ ಸರಿಯಿದೆ, ಒಂದೇ ಆಯುಧ ಸಾಲದು ಎಂಬುದೇ ಇದರ ಅರ್ಥ. ಇಂಥ ಪ್ರತಿಕಾಯಗಳನ್ನು ದೇಹವೇ ತಯಾರಿಸುವಂತೆ ಮಾಡುವ ಲಸಿಕೆಯ ಮೊದಲ ಮೆಟ್ಟಿಲಿನಲ್ಲಿ 36 ಜನರ ಪೈಕಿ 35 ಜನರಿಗೆ ಫಲ ಕಂಡಿತೆಂದು 2022ರಲ್ಲಿ ವರದಿಯಾಯಿತು. ಮುಂದಿನ ಮೆಟ್ಟಿಲುಗಳು ಇನ್ನೂ ಬಾಕಿ ಇವೆ.

ಈ ಏಣಿಯನ್ನು ಹೊತ್ತು ನಿಂತವರು ಯಾರು? ಥಾಯ್ಲೆಂಡಿನಲ್ಲಿ 16,000ಕ್ಕೂ ಹೆಚ್ಚು ಜನ ತೋಳು ನೀಡಿದರು. 2009ರಲ್ಲಿ ನೂರಕ್ಕೆ 31ರಷ್ಟು ರಕ್ಷಣೆ ಕಂಡಿತು. ದಕ್ಷಿಣ ಆಫ್ರಿಕದಲ್ಲಿ 5,400 ಜನ ಮುಂದೆ ಬಂದರು. ಫಲವಿಲ್ಲವೆಂದು 2020ರಲ್ಲಿ ಲಸಿಕೆ ನಿಂತಿತು. ಇವರು ಲಾಭ ಬಯಸಿ ಬಂದವರಲ್ಲ. ಇಷ್ಟಾದ ಮೇಲೆ 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ವಿದೇಶೀ ನೆರವನ್ನು ತಡೆಹಿಡಿಯಿತು. ಆಫ್ರಿಕದ ವಿಜ್ಞಾನಿಗಳೇ ಮುಂದಾಗಿ ನಡೆಸಬೇಕಿದ್ದ ಲಸಿಕೆ ಪ್ರಯೋಗ ಆರಂಭಕ್ಕೆ ಮುನ್ನವೇ ನಿಂತಿತು. ಹತ್ತಾರು ವರ್ಷಗಳ ದುಡಿಮೆಯನ್ನು ಒಂದು ಸಹಿಯಿಂದ ಬೀದಿಗೆಸೆಯುವುದು ಯಾವ ನ್ಯಾಯ?

ಔಷಧವಿದೆಯಲ್ಲ, ಲಸಿಕೆ ಏಕೆ ಎಂದು ಕೇಳುವವರೂ ಇದ್ದಾರೆ. ಔಷಧ ಬಂದಿರುವುದು ನಿಜ. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಕಾಪವಿರ್ ಪಡೆದ ಎರಡು ಸಾವಿರಕ್ಕೂ ಹೆಚ್ಚು ಆಫ್ರಿಕದ ಮಹಿಳೆಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ತಿಳಿದುಬಂತು. ಆದರೆ 2025ರಲ್ಲಿ ಅಮೆರಿಕದ ಪೇಟೆಯಲ್ಲಿ ಅದಕ್ಕೆ ವರ್ಷಕ್ಕೆ 28,000 ಡಾಲರಿಗೂ ಮೀರಿ ಬೆಲೆ ಕಟ್ಟಿದರು. ಅದನ್ನೇ 2027ರಿಂದ ಬಡ ದೇಶಗಳಿಗೆ ಸುಮಾರು 40 ಡಾಲರಿಗೆ ಕೊಡುವುದಾಗಿ ಭಾರತದ ತಯಾರಕರು ಅದೇ ವರ್ಷ ಒಪ್ಪಿದರು. ಪ್ರಯೋಗಕ್ಕೆ ಮೈಯೊಡ್ಡಿದ ಬ್ರೆಜಿಲ್, ಅರ್ಜೆಂಟೀನ, ಮೆಕ್ಸಿಕೊ, ಪೆರು ದೇಶಗಳನ್ನು ಮಾತ್ರ 2024ರ ಅಗ್ಗದ ಔಷಧದ ಒಪ್ಪಂದದಿಂದ ಕೈಬಿಡಲಾಗಿತ್ತು! ವರ್ಷ ವರ್ಷವೂ ಕೊಳ್ಳಬೇಕಾದ ಔಷಧ ಕಂಪನಿಗೆ ನಿತ್ಯದ ಗಿರಾಕಿಯನ್ನು ತರುತ್ತದೆ. ಕೆಲವೇ ಸಲ ಹಾಕಿ ಮುಗಿಸುವ ಲಸಿಕೆ ತರುವುದಿಲ್ಲ. ಆದ್ದರಿಂದಲೇ ಲಸಿಕೆಯ ಕೆಲಸ ಜನರ ಬೊಕ್ಕಸದಿಂದ ನಡೆಯಬೇಕು.

ಸಂಶೋಧನೆಗೆ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ಒಂದು ಪಾಲನ್ನೂ ವೆಚ್ಚಮಾಡದ ನಮ್ಮ ದೇಶ ಕೈಕಟ್ಟಿ ಕೂರಬಾರದು. ಅಮೆರಿಕ ಬಿಟ್ಟ ಕೆಲಸವನ್ನು ಆಫ್ರಿಕ, ಏಷ್ಯಗಳ ಸರ್ಕಾರಗಳು ಒಟ್ಟುಗೂಡಿ ಹೊರಬೇಕು. ಜನರ ಹಣದಿಂದ ಹುಟ್ಟಿದ ಲಸಿಕೆ ಯಾವ ಕಂಪನಿಯ ಪೇಟೆಂಟೂ ಆಗಕೂಡದು. ತೋಳು ನೀಡಿದವರಿಗೇ ಅದರ ಮೇಲೆ ಮೊದಲ ಹಕ್ಕು ಎಂಬುದು ನಮ್ಮ ಖಚಿತ ಅಭಿಪ್ರಾಯ.