ಕಡಲು ತೋರಿಸುವವರು ಬಂದರನ್ನೂ ತೋರಿಸಲಿ

ಕರಾವಳಿ ಪ್ರವಾಸೋದ್ಯಮದ ಮಾತು ಮತ್ತೆ ಜೋರಾಗಿದೆ. ರಾಜ್ಯ ಸರಕಾರದ 2024–29ರ ಪ್ರವಾಸೋದ್ಯಮ ನೀತಿ ಬಂದ ಮೇಲಂತೂ ಯಾವ ಪಕ್ಷದ ನಾಯಕರು ಮಂಗಳೂರಿಗೆ ಹೋದರೂ ಕಡಲತೀರದ ಬಗ್ಗೆ ನಾಲ್ಕು ಮಾತು ಆಡದೆ ವಾಪಸ್ ಬರುವುದಿಲ್ಲ. ನಮ್ಮಲ್ಲಿ 300 ಕಿಲೋಮೀಟರಿಗೂ ಮೀರಿದ ಕಡಲತೀರ ಇದೆ, ವರ್ಷದ ಎಂಟು ತಿಂಗಳು ಒಳ್ಳೆ ಬಿಸಿಲಿದೆ, ಆದರೂ ಜನ ಗೋವಾಕ್ಕೋ ಕೇರಳಕ್ಕೋ ಹೋಗ್ತಾರಲ್ಲ, ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕೇಳಿದವರೇ ಉತ್ತರವನ್ನೂ ಕೊಡುತ್ತಾರೆ: ರೆಸಾರ್ಟ್ ಬೇಕು, ಜಲಕ್ರೀಡೆ ಬೇಕು, ರಾತ್ರಿ ಹೊತ್ತು ದೀಪ ಬೇಕು. ಬಂದವರಿಗೆ ವ್ಯಾಪಾರ ಮಾಡುವವನು ಯಾರು, ಅವನ ಅಂಗಡಿ ಎಲ್ಲಿರುತ್ತದೆ, ಬಂದವರು ಸಂಜೆ ನಿರ್ಭಯವಾಗಿ ನಡೆದಾಡುತ್ತಾರಾ ಎಂಬ ಪ್ರಶ್ನೆಗಳು ಈ ಪಟ್ಟಿಯಲ್ಲಿ ಕಾಣುವುದಿಲ್ಲ.

ಘಟ್ಟದ ಮೇಲೆ, ತುಮಕೂರಿನ ಅಂತರಸನಹಳ್ಳಿಯಲ್ಲಿ ಕೂತವರಿಗೆ ಈ ಉಸಾಬರಿ ಯಾಕೆ ಅನ್ನಬಹುದು. ಪ್ರವಾಸಿಗರು ಅಂದರೆ ನಾವೇ ತಾನೆ? ರಾಷ್ಟ್ರೀಯ ಹೆದ್ದಾರಿ 73 ಮಂಗಳೂರಿನಲ್ಲಿ ಹೊರಟು ಚಾರ್ಮಾಡಿ ಘಾಟಿ ಹತ್ತಿ, ಮೂಡಿಗೆರೆ, ಅರಸೀಕೆರೆ, ತಿಪಟೂರು, ಗುಬ್ಬಿ ದಾಟಿ ನಮ್ಮ ತುಮಕೂರಿಗೇ ಬಂದು ಮುಗಿಯುತ್ತದೆ. ಅದು ಬೇಡ ಅಂದವರಿಗೆ ಕುಣಿಗಲ್ ಕಡೆಯಿಂದ ಶಿರಾಡಿ ದಾರಿ ಇದೆ. ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಂದು ಈ ಕಡೆ ನೆಲೆಸಿದ ಬ್ಯಾರಿ ಕುಟುಂಬಗಳಿಗೆ ಮಂಗಳೂರು ಅಂದರೆ ಊರು; ಅವರ ಅಕ್ಕಪಕ್ಕದ ಮನೆಯವರಿಗೆ ಮಂಗಳೂರು ಅಂದರೆ ಕಡಲು. ರಜೆ ಬಂತೆಂದರೆ ಇಬ್ಬರೂ ಒಂದೇ ವ್ಯಾನ್ ಮಾಡಿಕೊಂಡು ಹೊರಡುತ್ತಾರೆ.

ಆ ವ್ಯಾನಿನ ದಾರಿಯನ್ನು ನೋಡಿದರೆ ಸಾಕು, ಮಂಗಳೂರನ್ನು ಹೊರಗಿನವರಿಗೆ ಹೇಗೆ ತೋರಿಸಲಾಗಿದೆ ಅನ್ನುವುದು ಗೊತ್ತಾಗುತ್ತದೆ. ಮೊದಲು ಉಳ್ಳಾಲದ ಸಯ್ಯಿದ್ ಮದನಿ ದರ್ಗಾದಲ್ಲಿ ಝಿಯಾರತ್. ಆಮೇಲೆ ಪಣಂಬೂರು ಬೀಚ್. ಮಕ್ಕಳಿದ್ದರೆ ಪಿಲಿಕುಳ. ಸಂಜೆ ಯಾವುದಾದರೂ ಮಾಲ್, ಒಂದು ಗಡ್‌ಬಡ್ ಐಸ್‌ಕ್ರೀಂ, ರಾತ್ರಿಗೆ ವಾಪಸ್. ತುಮಕೂರಿನಲ್ಲೂ ಬೆಂಗಳೂರಿನಲ್ಲೂ ಸಿಗುವ ಅದೇ ಬಟ್ಟೆಯನ್ನು ಮಾಲಿನಲ್ಲಿ ಕೊಂಡುಕೊಂಡು ಬರುವುದಕ್ಕೆ 300 ಕಿಲೋಮೀಟರ್ ಹೋಗಬೇಕಾ? ಮಂಗಳೂರಿನಲ್ಲಿ ಮಾತ್ರ ಸಿಗುವುದು ಬಂದರಿನಲ್ಲಿದೆ. ಒಣಮೀನು, ಗೋಡಂಬಿ, ಮೆಣಸು, ಅಡಿಕೆ, ಹಗ್ಗ, ಬಲೆ, ಹಳೇ ಹಂಚಿನ ಮಾಡುಗಳ ಕೆಳಗಿನ ಗೋದಾಮುಗಳು, ಬೆಳಗಿನ ಜಾವದ ಮೀನುಗಾರಿಕಾ ದಕ್ಕೆಯ ಗದ್ದಲ, ಸಣ್ಣ ಹೋಟೆಲಿನ ಪತ್ತಿರಿ, ಕಲ್ತಪ್ಪ. ಅಲ್ಲಿಗೆ ವ್ಯಾನ್ ಹೋಗುವುದಿಲ್ಲ. ನಿಲ್ಲಿಸಲು ಜಾಗ ಇಲ್ಲ ಎಂಬುದು ಒಂದು ಕಾರಣ. ಆದರೆ ಅದು ನೋಡುವ ಜಾಗ ಅಂತ ಯಾರೂ ಯಾರಿಗೂ ಹೇಳಿಯೇ ಇಲ್ಲ.

ಹೇಳಿದವನು ಒಬ್ಬನಿದ್ದ. 14ನೇ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಮಂಗಳೂರನ್ನು ಮಂಜರೂರ್ ಎಂದು ಕರೆದು ತನ್ನ ಪ್ರವಾಸ ಕಥನದಲ್ಲಿ ಅದರ ವಿವರ ಕೊಟ್ಟಿದ್ದಾನೆ. ಪಾರಸಿ ದೇಶದ, ಯೆಮೆನ್‌ನ ವರ್ತಕರು ಇಲ್ಲಿ ಬಂದಿಳಿಯುತ್ತಿದ್ದರು. ಮೆಣಸು, ಶುಂಠಿ ಬಹಳ ಸಿಗುತ್ತಿತ್ತು. ಊರಿನ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ಇದ್ದರು. ಇಷ್ಟನ್ನು ನಮ್ಮವರು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಅದರ ಮುಂದಿನ ಮಾತನ್ನು ಯಾಕೋ ಹೇಳುವುದಿಲ್ಲ. ಆ ಕೇರಿಯವರಿಗೂ ಊರಿನವರಿಗೂ ಆಗಾಗ ಜಗಳ ಆಗುತ್ತಿತ್ತು, ವರ್ತಕರು ಬೇಕಾಗಿದ್ದ ಕಾರಣ ಅರಸನೇ ನಡುವೆ ನಿಂತು ರಾಜಿ ಮಾಡಿಸುತ್ತಿದ್ದ ಅಂತಲೂ ಅವನು ಹೇಳುತ್ತಾನೆ. ನಮಗೆ ಇಡೀ ವಿವರದಲ್ಲಿ ಇದೇ ದೊಡ್ಡದಾಗಿ ಕಾಣುತ್ತದೆ. ಹಿಂದೆ ಎಲ್ಲವೂ ಸೌಹಾರ್ದವಾಗಿತ್ತು, ಈಗ ಹಾಳಾಯಿತು ಅನ್ನುವ ಮಾತು ಅರ್ಧ ನಿಜ. ಜಗಳ ಅಂದೂ ಇತ್ತು. ಆದರೆ ಜಗಳ ಬೆಳೆದರೆ ಬಂದರು ಬರಿದಾಗುತ್ತದೆ, ಸುಂಕ ಬರುವುದಿಲ್ಲ ಎಂಬ ಲೆಕ್ಕ ಅರಸನಿಗೆ ಗೊತ್ತಿತ್ತು.

ಇಂದಿನ ಆಳುವವರಿಗೆ ಆ ಲೆಕ್ಕ ಗೊತ್ತಿದೆಯಾ ಅನ್ನುವುದೇ ನಮ್ಮ ಪ್ರಶ್ನೆ.

ಜಾತ್ರೆಯ ವಿಷಯವನ್ನೇ ತೆಗೆದುಕೊಳ್ಳೋಣ. ಕರಾವಳಿಯ ಹಳೆಯ ಶಾಪಿಂಗ್ ಅಂದರೆ ಜಾತ್ರೆ, ಕೋಲ, ಕಂಬಳದ ಸಂತೆ. ಬಳೆ, ಆಟಿಕೆ, ಚುರುಮುರಿ, ಕಬ್ಬಿನ ಹಾಲು, ಕಲ್ಲಂಗಡಿ. ಇವನ್ನು ಮಾರುವವರಲ್ಲಿ ನಮ್ಮವರು ತಲೆಮಾರುಗಳಿಂದ ಇದ್ದಾರೆ. 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿಯ ಸುಗ್ಗಿ ಮಾರಿಪೂಜೆಗೆ ಮುಸ್ಲಿಂ ವ್ಯಾಪಾರಿಗಳು ಬೇಡ ಎಂಬ ಮಾತು ಬಂತು. ಅದೇ ತಿಂಗಳು ಮುಲ್ಕಿಯ ಬಪ್ಪನಾಡಿನಲ್ಲೂ ಅಂಥ ಬ್ಯಾನರ್ ಎದ್ದಿತು. ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನದ ಐತಿಹ್ಯ ಬಲ್ಲವರಿಗೆ ಇದರ ನೋವು ಬೇರೆಯೇ. ಆ ಗುಡಿಯನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ವರ್ತಕ, ಊರಿಗೆ ಹೆಸರು ಬಂದದ್ದೂ ಅವನಿಂದಲೇ ಅಂತ ಕರಾವಳಿಯ ಹಿಂದೂಗಳೇ ಹೇಳುವ ಕಥೆ. ಬಪ್ಪನ ಹೆಸರಿನ ಜಾತ್ರೆಯಲ್ಲಿ ಬ್ಯಾರಿ ಬಳೆ ಮಾರಬಾರದು ಅಂದರೆ ಏನನ್ನಬೇಕು?

ಆಗ ವಿಧಾನಸಭೆಯಲ್ಲಿ ಉತ್ತರ ಕೊಟ್ಟವರು ನಮ್ಮದೇ ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಶಾಸಕರೂ ಕಾನೂನು ಸಚಿವರೂ ಆಗಿದ್ದ ಜೆ.ಸಿ. ಮಾಧುಸ್ವಾಮಿ. ಅವರು ತೋರಿಸಿದ್ದು ಧಾರ್ಮಿಕ ದತ್ತಿ ಕಾಯ್ದೆಯಡಿ 2002ರಲ್ಲಿ ಮಾಡಿದ ನಿಯಮಗಳನ್ನು. ದೇವಸ್ಥಾನದ ಆಸ್ತಿಯನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಅಂತ ಅದರಲ್ಲಿದೆ. ಇರಲಿ. ಆ ನಿಯಮ ಬಂದದ್ದು ಕಾಂಗ್ರೆಸ್ ಸರಕಾರದ ಕಾಲದಲ್ಲಿ ಎಂಬುದೂ ನಿಜ. ಆದರೆ ನಿಯಮ ಇರುವುದು ದೇವಸ್ಥಾನದ ಜಾಗಕ್ಕೆ. ಜಾತ್ರೆಯ ದಿನ ವ್ಯಾಪಾರ ನಡೆಯುವುದು ಬಹುಮಟ್ಟಿಗೆ ಊರಿನ ರಸ್ತೆಯಲ್ಲಿ, ಪಂಚಾಯತಿಯ, ಪುರಸಭೆಯ ಜಾಗದಲ್ಲಿ. ರಸ್ತೆಯಲ್ಲಿ ಯಾರು ಗಾಡಿ ನಿಲ್ಲಿಸಬಹುದು ಅಂತ ಹೇಳುವ ಅಧಿಕಾರ ಬ್ಯಾನರ್ ಕಟ್ಟಿದವನಿಗೆ ಎಲ್ಲಿಂದ ಬಂತು? ಸರಕಾರ ಬದಲಾಯಿತು. ಆ ನಿಯಮ ಎಲ್ಲಿಯವರೆಗೆ ಅನ್ವಯ, ಎಲ್ಲಿಂದಾಚೆ ಇಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಪ್ರತಿ ಜಾತ್ರೆಗೆ ಮೊದಲು ತಹಶೀಲ್ದಾರರಿಂದ ಪ್ರಕಟಿಸಲಿ. ಅದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಾಗಿಲ್ಲ.

ಇನ್ನು ನಗರದ ಬೀದಿ. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರಿಂದ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಎಬ್ಬಿಸುವುದಿದ್ದರೆ 30 ದಿನ ಮೊದಲೇ ನೋಟಿಸ್ ಕೊಡಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. ಮಂಗಳೂರಿನಲ್ಲಿ ಗಾಡಿ ತೆರವು ಮಾಡುವುದಕ್ಕೆ ‘ಟೈಗರ್ ಕಾರ್ಯಾಚರಣೆ’ ಅಂತ ಹೆಸರಿಟ್ಟಿದ್ದರು. ಚುರುಮುರಿ ಗಾಡಿಯ ಮೇಲೆ ಹುಲಿ! ಸೆಂಟ್ರಲ್ ಮಾರ್ಕೆಟ್‌ನ ಕಥೆಯೂ ಇಂಥದ್ದೇ. 2020ರ ಕೋವಿಡ್ ಹೊತ್ತಲ್ಲಿ ಅದನ್ನು ಮುಚ್ಚಿಸಿ ವ್ಯಾಪಾರಿಗಳನ್ನು ಬೈಕಂಪಾಡಿ ಎಪಿಎಂಸಿಗೆ ಕಳಿಸಿದರು, ಹಳೇ ಕಟ್ಟಡ ಕೆಡವಿದರು, ಸ್ಮಾರ್ಟ್ ಸಿಟಿ ಅಂದರು. ಮಂಗಳೂರು, ತುಮಕೂರು ಎರಡೂ 2016ರ ಸೆಪ್ಟೆಂಬರಿನ ಒಂದೇ ಪಟ್ಟಿಯಲ್ಲಿ ಸ್ಮಾರ್ಟ್ ಸಿಟಿ ಆದ ಊರುಗಳು, ಹಾಗಾಗಿ ಈ ಪದ ಕೇಳಿದರೆ ನಮಗೂ ಅನುಭವ ಇದೆ. ಅಂತರಸನಹಳ್ಳಿ ಅಂದರೆ ಜನಕ್ಕೆ ನೆನಪಾಗುವುದು ತರಕಾರಿ ಮಾರುಕಟ್ಟೆ. ಮಾರುಕಟ್ಟೆಯ ಪಕ್ಕದಲ್ಲಿ ಬದುಕುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ವ್ಯಾಪಾರಿಯನ್ನು ಒಂದು ಸಲ ಅವನ ಜಾಗದಿಂದ ಎಬ್ಬಿಸಿದರೆ ಗಿರಾಕಿ ಅವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಹೊಸ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಹಳೇ ಗಿರಾಕಿ ಅದರ ಜೊತೆ ಬರುವುದಿಲ್ಲ.

ಸಂಜೆಯ ಭಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಪಟ್ಟಿ ಎಲ್ಲರಿಗೂ ಬಾಯಿಪಾಠ. 2009ರ ಪಬ್ ದಾಳಿ, 2012ರ ಪಡೀಲ್ ಹೋಂಸ್ಟೇ ದಾಳಿ, 2023ರ ಜೂನ್‌ನಲ್ಲಿ ಸೋಮೇಶ್ವರ ಬೀಚ್‌ನಲ್ಲಿ ವಿದ್ಯಾರ್ಥಿಗಳ ಮೇಲಿನ ಹಲ್ಲೆ. ಪಬ್ ಪ್ರಕರಣದ ಆರೋಪಿಗಳು 2018ರಲ್ಲಿ ಸಾಕ್ಷ್ಯ ಸಾಲದೆ ಖುಲಾಸೆಯಾದರು. ಟಿವಿಯಲ್ಲಿ ದೇಶವೇ ನೋಡಿದ್ದ ಘಟನೆಗೆ ಸಾಕ್ಷ್ಯ ಇಲ್ಲ! 2025ರ ಏಪ್ರಿಲ್‌ನಲ್ಲಿ ಕುಡುಪುವಿನಲ್ಲಿ ಕೇರಳದ ಒಬ್ಬ ಯುವಕನನ್ನು ಗುಂಪು ಹೊಡೆದು ಕೊಂದಿತು. ಮೇ ತಿಂಗಳಲ್ಲಿ ಇನ್ನೆರಡು ಕೊಲೆ, ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಬಂದ್, ನಿಷೇಧಾಜ್ಞೆ, ಮುಚ್ಚಿದ ಶಟರ್. ಜೂನ್‌ನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಅವರು ಮಂಗಳೂರಿನಲ್ಲಿ 248 ಸಿಬ್ಬಂದಿಯ ವಿಶೇಷ ಕಾರ್ಯಪಡೆಗೆ ಚಾಲನೆ ಕೊಟ್ಟರು. ಅವರೂ ನಮ್ಮ ಜಿಲ್ಲೆಯವರು, ಕೊರಟಗೆರೆಯ ಶಾಸಕರು. ಕೋಮು ನಿಗ್ರಹಕ್ಕೆ ಪೊಲೀಸ್ ಪಡೆ ಬೇಕಾಗಿತ್ತು, ಅದನ್ನು ಸ್ವಾಗತಿಸೋಣ. ಆದರೆ ಪಡೆ ಎಷ್ಟು ಜನರದ್ದು ಅನ್ನುವುದಕ್ಕಿಂತ ದಾಖಲಾದ ಪ್ರಕರಣಗಳಲ್ಲಿ ಎಷ್ಟಕ್ಕೆ ಶಿಕ್ಷೆ ಆಯಿತು ಅನ್ನುವುದನ್ನೇ ಪ್ರವಾಸೋದ್ಯಮ ಇಲಾಖೆಯವರೂ ಕೇಳಬೇಕು. ಗೃಹ ಇಲಾಖೆ ಬೇರೆ, ಪ್ರವಾಸೋದ್ಯಮ ಇಲಾಖೆ ಬೇರೆ ಅನ್ನೋದು ವಿಧಾನಸೌಧದಲ್ಲಿ ಮಾತ್ರ. ವ್ಯಾನಿನಲ್ಲಿ ಕೂತ ಕುಟುಂಬಕ್ಕೆ ಎರಡೂ ಒಂದೇ.

ಇಲ್ಲಿ ನಮ್ಮ ಕಡೆಯ ಮಾತನ್ನೂ ಹೇಳದಿದ್ದರೆ ನ್ಯಾಯವಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಬೀಚಿನಲ್ಲಿ ಬುರ್ಖಾ ಹಾಕಿದ ಹುಡುಗಿ ಯಾರ ಜೊತೆ ನಿಂತಿದ್ದಾಳೆ ಅಂತ ಫೋಟೋ ತೆಗೆದು ಗ್ರೂಪಿಗೆ ಹಾಕುವ ಹುಡುಗರು ನಮ್ಮಲ್ಲೂ ಇದ್ದಾರೆ. ದೀನಿನ ಹೆಸರಲ್ಲಿ ಮಾಡುತ್ತೇವೆ ಅಂದುಕೊಂಡಿದ್ದಾರೆ. ಇನ್ನೊಬ್ಬರ ಮರೆಯನ್ನು ಇಣುಕಿ ನೋಡುವುದನ್ನು ದೀನು ತಡೆದಿದೆ ಅನ್ನುವುದು ಮದ್ರಸದ ಸಣ್ಣ ತರಗತಿಯ ಪಾಠ. ಆ ಪಾಠ ಮರೆತವರು ದೊಡ್ಡವರಾಗಿ ಊರು ಕಾಯಲು ಹೊರಟರೆ ಆ ಕಡೆಯ ಗುಂಪಿಗೂ ಈ ಕಡೆಯ ಗುಂಪಿಗೂ ಬಣ್ಣ ಬಿಟ್ಟರೆ ವ್ಯತ್ಯಾಸ ಇರುವುದಿಲ್ಲ. ಝಕಾತ್‌ನ 8 ಹಕ್ಕುದಾರರಲ್ಲಿ ದಾರಿಹೋಕ ಪ್ರಯಾಣಿಕನೂ ಒಬ್ಬ. ಅವನು ಯಾವ ಊರಿನವನು, ಯಾಕೆ ಬಂದ ಅಂತ ವಿಚಾರಣೆ ಮಾಡಲು ನಮಗೆ ಹೇಳಿಲ್ಲ.

ಕಲೆಯ ವಿಷಯಕ್ಕೆ ಬರೋಣ. ಮಂಗಳೂರಿಗೆ ಬಂದವರು ಸಂತ ಅಲೋಶಿಯಸ್ ಚಾಪೆಲ್ ನೋಡುತ್ತಾರೆ, ನೋಡಲೇಬೇಕು. ಇಟಲಿಯಿಂದ ಬಂದ ಅಂಟೋನಿಯೋ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ 1899ರಿಂದ ಸುಮಾರು ಎರಡು ವರ್ಷ ಅಲ್ಲಿನ ಗೋಡೆ, ಮಾಡು ಎಲ್ಲವನ್ನೂ ಚಿತ್ರದಿಂದ ತುಂಬಿದ. ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದಾ ಅಂತ ಕೆಲವು ಪೋಷಕರು ಕೇಳುತ್ತಾರೆ. ಒಬ್ಬ ಮನುಷ್ಯನ ಶ್ರಮವನ್ನು ಅದಬಿನಿಂದ ನೋಡಿ ಬರುವುದರಲ್ಲಿ ನಮಗೆ ತೊಂದರೆ ಕಾಣುವುದಿಲ್ಲ. ಭೂಮಿಯಲ್ಲಿ ತಿರುಗಾಡಿ ಹಿಂದಿನವರ ಕುರುಹು ನೋಡಬೇಕೆಂಬ ಬೋಧನೆ ಕುರ್‌ಆನಿನಲ್ಲಿ ಒಂದು ಕಡೆಯಲ್ಲ, ಹಲವು ಕಡೆ ಬರುತ್ತದೆ.

ಚಾಪೆಲ್‌ನಿಂದ ಬಂದರಿನ ಝೀನತ್ ಬಕ್ಷ್ ಮಸೀದಿ ಏನೂ ದೂರವಿಲ್ಲ. ಕ್ರಿ.ಶ. 644ರಲ್ಲಿ ಸ್ಥಾಪನೆಯಾಯಿತೆಂದು ನಂಬಿಕೆ ಇರುವ ಪಳ್ಳಿ. ಟಿಪ್ಪು ಸುಲ್ತಾನ್ ಅದನ್ನು ನವೀಕರಿಸಿದ, ಮಗಳ ಹೆಸರಿಟ್ಟ ಎಂದು ಹೇಳಿಕೆ. ನಮ್ಮ ಪಳ್ಳಿಗಳಲ್ಲಿ ಚಿತ್ರ ಇರುವುದಿಲ್ಲ. ನಮ್ಮ ಕಲೆ ಮರದಲ್ಲಿ, ಅಕ್ಷರದಲ್ಲಿ ಇದೆ. ಅಲ್ಲಿನ ಮರದ ಕಂಬ, ಕೆತ್ತನೆ ನೋಡಿದರೆ ಘಟ್ಟದ ಮರ, ತುಳುನಾಡಿನ ಬಡಗಿಯ ಕೈ, ಅರಬರ ಪ್ರಾರ್ಥನೆ ಮೂರೂ ಒಂದೇ ಚಾವಣಿಯ ಕೆಳಗೆ ಸಿಗುತ್ತದೆ. ಅದೇ ದಿನ ಬೋಳೂರಿನ ಸುಲ್ತಾನ್ ಬತ್ತೇರಿಗೂ ಹೋಗಬಹುದು, 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು. ಹೊಳೆ ದಾಟಿದರೆ ತಣ್ಣೀರುಬಾವಿ ಕಡಲತೀರ.

ಕೇರಳದವರು ಹೀಗೆಯೇ ಮಾಡಿದರು. 2012ರಲ್ಲಿ ಕೊಚ್ಚಿಯಲ್ಲಿ ಮುಝಿರಿಸ್ ಬಿಯೆನ್ನಾಲೆ ಶುರುವಾದಾಗ ಅವರು ಹೊಸ ಕಲಾಭವನ ಕಟ್ಟಲು ಹೋಗಲಿಲ್ಲ. ಕಡಲ ಬದಿಯ ಹಳೇ ವ್ಯಾಪಾರಿ ಕಂಪೆನಿಗಳ ಕಟ್ಟಡ, ಮಸಾಲೆಯ ಗೋದಾಮುಗಳನ್ನೇ ಗುಡಿಸಿ ತೆರೆದರು. ಕೋಝಿಕ್ಕೋಡ್‌ನಲ್ಲಿ ಮಿಠಾಯಿ ತೆರುವು ಎಂಬ ಹಳೇ ಅಂಗಡಿಬೀದಿಯನ್ನು 2017ರಲ್ಲಿ ನವೀಕರಿಸಿ ನಡೆದಾಡುವವರಿಗೆ ಬಿಟ್ಟುಕೊಟ್ಟರು. ಹಲ್ವ ಮಾರುವವರು ಅಲ್ಲೇ ಇದ್ದಾರೆ. 2023ರಲ್ಲಿ ಆ ಊರಿಗೆ ಯುನೆಸ್ಕೋದ ಸಾಹಿತ್ಯ ನಗರಿ ಪಟ್ಟ ಸಿಕ್ಕಿತು. ಮಂಗಳೂರಿಗೆ ಏನು ಕಡಿಮೆ? ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಅಲ್ಲಿಂದ. 1865ರಲ್ಲಿ ಬಾಸೆಲ್ ಮಿಶನ್‌ನವರ ಹಂಚಿನ ಕಾರ್ಖಾನೆ ಶುರುವಾದದ್ದು ಅಲ್ಲಿ. ತುಳು, ಕೊಂಕಣಿ, ಬ್ಯಾರಿ ಮೂರಕ್ಕೂ ಸರಕಾರದ ಅಕಾಡಮಿಗಳಿವೆ. ನಮ್ಮ ಬ್ಯಾರಿ ಅಕಾಡಮಿ ಹುಟ್ಟಿದ್ದು 2009ರಲ್ಲಿ. ‘ಬ್ಯಾರಿ’ ಸಿನೆಮಾ 2011ನೇ ಸಾಲಿನ ಅತ್ಯುತ್ತಮ ಚಿತ್ರದ ಸ್ವರ್ಣಕಮಲವನ್ನು ಮರಾಠಿಯ ‘ದೇವೂಳ್’ ಜೊತೆ ಹಂಚಿಕೊಂಡಿತು. ಬಂದರಿನ ಒಂದೇ ಒಂದು ಗೋದಾಮನ್ನು ಬಾಡಿಗೆಗೆ ಹಿಡಿದು ಮೂರು ಅಕಾಡಮಿಗಳೂ ಸೇರಿ ಚಳಿಗಾಲದ ಒಂದು ತಿಂಗಳು ಹಾಡು, ಅಡುಗೆ, ಮರಗೆಲಸ, ಹಳೇ ಫೋಟೋಗಳನ್ನು ಇಟ್ಟರೆ ರೆಸಾರ್ಟ್‌ಗಿಂತ ಕಡಿಮೆ ಖರ್ಚು.

ಸರಕಾರ ಮಾಡುವವರೆಗೆ ಕಾಯಬೇಕಾದ್ದೂ ಇಲ್ಲ. ಹಳೇ ಪಳ್ಳಿಗಳ ಜಮಾಅತ್‌ಗಳು ಬಾಗಿಲಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದು ಫಲಕ ಹಾಕಬಹುದು: ಯಾವ ಹೊತ್ತಿನಲ್ಲಿ ಬರಬಹುದು, ಚಪ್ಪಲಿ ಎಲ್ಲಿ ಬಿಡಬೇಕು, ಬೇರೆ ಧರ್ಮದವರು ಎಲ್ಲಿಯವರೆಗೆ ಬರಬಹುದು, ಹೆಣ್ಣುಮಕ್ಕಳು ನಿಂತು ನೋಡುವ ಜಾಗ ಯಾವುದು. ಕೊನೆಯದರ ಬಗ್ಗೆ ಕಮಿಟಿಯಲ್ಲಿ ಚರ್ಚೆ ಆಗುತ್ತದೆ, ಆಗಲಿ. ಐದು ಹೊತ್ತಿನ ನಮಾಝಿನ ಸಮಯ ಮತ್ತು ಶುಕ್ರವಾರದ ಮಧ್ಯಾಹ್ನ ಬಿಟ್ಟು ಉಳಿದ ಹೊತ್ತಿನಲ್ಲಿ ಪದವಿ ಓದುವ ಇಬ್ಬರು ಹುಡುಗರನ್ನು ಒಂದಿಷ್ಟು ಭತ್ಯೆ ಕೊಟ್ಟು ಕೂರಿಸಿದರೆ ಬಂದವರಿಗೆ ಆ ಕೆತ್ತನೆಯ ಕಥೆ ಹೇಳುತ್ತಾರೆ. ಅಲ್ಲಿಂದ ಹೊರಬಿದ್ದವರಿಗೆ ಹಸಿವಾಗಿರುತ್ತದೆ, ಹೋಟೆಲುಗಳು ಪಕ್ಕದಲ್ಲೇ ಇವೆ.