ನಿಂಬೆಹುಳಿಯೂ ಆಸಿಡ್ಡೇ ಸ್ವಾಮಿ!

ಮೊನ್ನೆ ಗೌರಿಬಿದನೂರಿಗೆ ಹೋಗಿದ್ದೆ. ನೆಂಟರ ಹುಡುಗಿ ಕನ್ನಡಿ ಮುಂದೆ ನಿಂತು ನಿಂಬೆಹೋಳನ್ನು ಉಪ್ಪಿಗೆ ಅದ್ದಿ ಹಲ್ಲು ಉಜ್ಜುತ್ತಿದ್ದಳು. ಮದುವೆ ಗೊತ್ತಾಗಿದೆ, ಹಲ್ಲಿನ ಕಂದು ಕಲೆ ಹೋಗಬೇಕಂತೆ. "ಬೇಡಮ್ಮಾ" ಅಂದರೆ, "ಕೆಮಿಕಲ್ ಏನಲ್ಲವಲ್ಲ ಮಾಮ, ನ್ಯಾಚುರಲ್ಲು" ಅಂತ ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆ ಕೈ ನೋಡಿ ಇದನ್ನು ಬರೆಯಬೇಕು ಅನ್ನಿಸಿತು.

ಈ "ನ್ಯಾಚುರಲ್" ಹುಚ್ಚು ಬಚ್ಚಲುಮನೆಗಷ್ಟೇ ಸೀಮಿತವಲ್ಲ, ದಂತವೈದ್ಯರ ಕುರ್ಚಿಯ ತನಕ ಬಂದಿದೆ. ಹಲ್ಲಿಗೆ ಅಂಟುವ ಫಿಲ್ಲಿಂಗ್ ಹಾಕುವ ಮೊದಲು ಆಸಿಡ್ ಹಚ್ಚುತ್ತಾರೆ. 1955ರಲ್ಲಿ ಅಮೆರಿಕದ ಮೈಕೆಲ್ ಬುವೊನೊಕೋರ್ ತೋರಿಸಿಕೊಟ್ಟ ದಾರಿ ಇದು. ಅವರು ಬಳಸಿದ್ದು ಶೇ. 85ರ ಫಾಸ್ಫಾರಿಕ್ ಆಸಿಡ್. ಈಗ ಸಾಮಾನ್ಯವಾಗಿ ಶೇ. 37ರದ್ದು, ಎನಾಮಲ್ ಮೇಲೆ 15ರಿಂದ 30 ಸೆಕೆಂಡು. ಅದು ಕಣ್ಣಿಗೆ ಕಾಣದ ರಂಧ್ರಗಳನ್ನು ಮಾಡುತ್ತದೆ, ರಾಳ ಅದರೊಳಗೆ ಇಳಿದು ಗಟ್ಟಿಯಾಗುತ್ತದೆ. ಆದರೆ ಒಳಪದರವಾದ ಡೆಂಟಿನ್‌ಗೆ ಈ ಆಸಿಡ್ ಸ್ವಲ್ಪ ಜೋರು. ಹಾಗಾಗಿ ಮೆದುವಾದ ಆಮ್ಲಗಳ ಹುಡುಕಾಟ ನಡೆದೇ ಇದೆ. ಜಪಾನಿನ ನಕಬಯಾಶಿ 1982ರಲ್ಲಿ ಡೆಂಟಿನ್‌ಗೆ ಬಳಸಿದ್ದು ಶೇ. 10ರ ಸಿಟ್ರಿಕ್ ಆಮ್ಲ, ಜೊತೆಗೆ ಶೇ. 3 ಫೆರಿಕ್ ಕ್ಲೋರೈಡ್. ಈಚೆಗೆ ಅಕ್ಕಿ ತೌಡಿನಿಂದ ಸಿಗುವ ಫೈಟಿಕ್ ಆಮ್ಲವನ್ನೂ ಪರೀಕ್ಷಿಸಿದ್ದಾರೆ. ಅದು ನಮ್ಮ ರಾಗಿಯಲ್ಲೂ ಇದೆ. ಗ್ಲಾಸ್ ಅಯೊನೊಮರ್ ಸಿಮೆಂಟಿನಲ್ಲಂತೂ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವೇ ಇರುತ್ತದೆ.

ಇದಕ್ಕೆಲ್ಲ ನನ್ನ ತಕರಾರಿಲ್ಲ. ತಕರಾರು ಇರೋದು "ಗಿಡದಿಂದ ಬಂದದ್ದು, ಆದ್ದರಿಂದ ಒಳ್ಳೆಯದು" ಅನ್ನೋ ಮಾತಿಗೆ. ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಮ್ಲ ಬಹುಪಾಲು ನಿಂಬೆಯಿಂದ ಬರುವುದೇ ಇಲ್ಲ, ಸಕ್ಕರೆ ತಿನ್ನಿಸಿ ಬೆಳೆಸಿದ ಕಪ್ಪು ಬೂಷ್ಟಿನಿಂದ ಬರುತ್ತದೆ. ಹಲ್ಲಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆಯೇ? ಅದಕ್ಕೆ ಗೊತ್ತಾಗೋದು ಎಷ್ಟು ಹುಳಿ, ಎಷ್ಟು ಹೊತ್ತು, ಇಷ್ಟೇ.

ಇನ್ನೊಂದು ವಿಷಯ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಅದನ್ನು ಕುಡಿದು ಬೆಳೆದವರ ಎನಾಮಲ್‌ನ ಮೇಲ್ಪದರ ಆಸಿಡ್‌ಗೆ ಸುಲಭವಾಗಿ ಬಗ್ಗಲ್ಲ. ಫಾಸ್ಫಾರಿಕ್ ಆಸಿಡ್ಡನ್ನೇ ಹೆಚ್ಚು ಹೊತ್ತು ಬಿಡಬೇಕು, ಇಲ್ಲವೇ ಮೇಲ್ಪದರವನ್ನು ಮೊದಲು ಸವೆಸಬೇಕು. ಹೀಗಿರುವಾಗ ಮೆದು ಆಮ್ಲವನ್ನು ಕಲೆಯಿಲ್ಲದ ಹಲ್ಲಿನ ಮೇಲೆ ಪರೀಕ್ಷಿಸಿ ನಮಗೆ ಕೊಟ್ಟರೆ ಹೇಗೆ? ಫಿಲ್ಲಿಂಗ್ ಬಿದ್ದರೆ ಮತ್ತೆ ಬಸ್ಸು ಹತ್ತಬೇಕಾದವನು ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಹಮಾಲಿ. ಅವನ ಒಂದು ದಿನದ ಕೂಲಿ ಯಾರು ಕೊಡ್ತಾರೆ? ಸಸ್ಯಜನ್ಯವೋ ಅಲ್ಲವೋ ಆಮೇಲೆ ನೋಡೋಣ. ಫ್ಲೋರೋಸಿಸ್ ಹಲ್ಲಿನ ಮೇಲೆ ಅಂಟು ನಿಲ್ಲುತ್ತದೋ ಇಲ್ಲವೋ, ಮೊದಲು ಅದನ್ನು ಹೇಳಿ.

ಇನ್ನು ನಿಂಬೆಹೋಳು. ವೈದ್ಯರ ಕೈಯಲ್ಲಿ ಆಸಿಡ್ ಕೆಲವು ಸೆಕೆಂಡು ಇದ್ದು ತೊಳೆದುಹೋಗುತ್ತದೆ, ಅದು ಮಾಡಿದ ರಂಧ್ರವನ್ನು ರಾಳ ತುಂಬುತ್ತದೆ. ಹುಡುಗಿಯ ಕೈಯಲ್ಲಿ ಅದು ದಿನಾ ನಿಮಿಷಗಟ್ಟಲೆ ಇರುತ್ತದೆ. ತುಂಬುವುದಕ್ಕೆ ಏನೂ ಇಲ್ಲ, ಮೆತ್ತಗಾದ ಎನಾಮಲ್ ಮೇಲೆ ಉಪ್ಪಿನ ತಿಕ್ಕಾಟ ಬೇರೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರು, ಫ್ಲೋರೈಡ್ ಸೇರಿದ್ದು ಇನ್ನೂ ಸ್ವಲ್ಪ ತಾಳಬಹುದು. ನಿಂಬೆರಸ ಇರೋದು 2ರ ಆಸುಪಾಸಿನಲ್ಲಿ! ಇಷ್ಟೆಲ್ಲಾ ಮಾಡಿದರೂ ಕಲೆ ಹೋಗಲ್ಲ. ಅದು ಮೇಲೆ ಮೆತ್ತಿಕೊಂಡ ಕೊಳೆಯಲ್ಲ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆದ ದೋಷ. ಅದನ್ನು ತಿಳಿಯಾಗಿಸುವ, ಮುಚ್ಚುವ ವಿಧಾನಗಳು ದಂತವೈದ್ಯರ ಬಳಿ ಇವೆ. ಅವಳನ್ನು ಅಲ್ಲಿಗೆ ಕಳಿಸಿದ್ದೇನೆ.

ಆದರೆ ಅವಳಿಗೆ ನಾಳೆ ಹುಟ್ಟುವ ಮಗು? ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಎನ್ನುತ್ತದೆ ಭಾರತೀಯ ಮಾನದಂಡ. ನೀರು ಕಾಯಿಸಿದರೆ ಫ್ಲೋರೈಡ್ ಹೋಗಲ್ಲ. ಮಗುವಿಗೆ ಸುಮಾರು ಎಂಟು ವರ್ಷ ಆಗುವ ತನಕ ಒಳ್ಳೆಯ ನೀರು ಕೊಟ್ಟರೆ ಮುಂದಿನ ಹಲ್ಲುಗಳಲ್ಲಿ ಈ ಕಲೆಯೇ ಬರಲ್ಲ. ಆಸಿಡ್ ಯಾವುದು ಅಂತ ಜಗಳವಾಡುವ ಅಗತ್ಯವೂ ಬರಲ್ಲ.

ನಿಮ್ಮೂರಿನ ಶುದ್ಧ ನೀರಿನ ಘಟಕ ನಡೀತಿದೆಯಾ? ಇವತ್ತೇ ಹೋಗಿ ನೋಡಿ ಬನ್ನಿ.