ಆರದ ಹಳದಿ ದೀಪ

ಕಳೆದ ಆಷಾಢದಲ್ಲಿ ಒಂದು ಮದುವೆಯ ಮಾತುಕತೆಗಾಗಿ ಧಾರವಾಡದಿಂದ ಅಂಕೋಲೆಗೆ ಹೊರಟಿದ್ದೆವು. ಕಾರು ನನ್ನ ತಮ್ಮನ ಮಗನದು, ನಡೆಸುತ್ತಿದ್ದವನೂ ಅವನೇ. ಮುಂದೆ ಅವನ ಪಕ್ಕದಲ್ಲಿ ನಾನು, ಹಿಂದೆ ಅವನ ಹೆಂಡತಿ ಮತ್ತು ಇಬ್ಬರು ಮಕ್ಕಳು. ಯಲ್ಲಾಪುರವನ್ನು ದಾಟಿ ಅರಬೈಲು ಘಟ್ಟವನ್ನು ಇಳಿಯತೊಡಗಿದಾಗ ಮಳೆ ಬಿರುಸಾಯಿತು. ಒಂದು ತಿರುವನ್ನು ದಾಟಿದೊಡನೆ ಎದುರಿಗೆ ಲಾರಿಯೊಂದು ನಿಂತಿತ್ತು. ಹುಡುಗ ಬ್ರೇಕನ್ನು ಬಲವಾಗಿ ಒತ್ತಿದ. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ಕಾರು ಮಾತ್ರ ಬಲಕ್ಕೆ ಹೊರಳಲಿಲ್ಲ. ಗಾಲಿಗಳು ಉರುಳುವುದನ್ನು ಬಿಟ್ಟು, ನೆನೆದ ಡಾಂಬರಿನ ಮೇಲೆ ಜಾರುತ್ತ ನೇರವಾಗಿ ಲಾರಿಯತ್ತಲೇ ಸಾಗಿದವು. ಒಂದು ಮಾರು ಅಂತರದಲ್ಲಿ ನಿಂತೆವು. ಆ ಮೇಲೆ ಬಹಳ ಹೊತ್ತು ಕಾರಿನಲ್ಲಿ ಯಾರೂ ಮಾತನಾಡಲಿಲ್ಲ.

ಅಂಕೋಲೆಯಲ್ಲಿ ಇಳಿದಾಗ ನನ್ನ ಕಣ್ಣಿಗೆ ಬಿದ್ದದ್ದು, ಸ್ಟೇರಿಂಗಿನ ಹಿಂದಿನ ಫಲಕದ ಮೇಲೆ ಅಂಟಿಸಿದ್ದ ಕರಿಯ ಟೇಪಿನ ಚಿಕ್ಕ ತುಂಡು. ಏನೆಂದು ಕೇಳಿದೆ. ‘ದೊಡ್ಡಪ್ಪಾ, ಅಲ್ಲಿ ಎ.ಬಿ.ಎಸ್. ದೀಪ ಹತ್ತತೈತಿ. ಎರಡು ಸಲ ರಿಪೇರಿ ಮಾಡಿಸಿದೆ, ಆರವಲ್ಲದು. ಬ್ರೇಕು ಚಲೋ ಹಿಡೀತಾವ, ದೀಪದ್ದಷ್ಟ ತ್ರಾಸು’ ಎಂದ. ಮೂರು ತಿಂಗಳಿಂದ ಹೀಗೆ ನಡೆದಿತ್ತು. ನಾನು ಸಿಟ್ಟಾಗಲಿಲ್ಲವೆಂದರೆ ಸುಳ್ಳಾದೀತು.

ಈ ದೀಪವು ಏನನ್ನು ಹೇಳುತ್ತದೆಂಬುದನ್ನು ವಾಚಕರು ಅರಿತಿರಬೇಕು. ಉರುಳುವ ಗಾಲಿಗೆ ಮಾತ್ರ ದಿಕ್ಕು ಬದಲಿಸುವ ಶಕ್ತಿಯುಂಟು. ಜಾರುವ ಗಾಲಿಗೆ ಅದಿಲ್ಲ. ಆದ್ದರಿಂದ ನಾಲ್ಕೂ ಗಾಲಿಗಳ ಬಳಿ ಒಂದೊಂದು ಸೆನ್ಸರನ್ನು ಇಟ್ಟಿರುತ್ತಾರೆ. ಗಾಲಿಯೊಡನೆ ತಿರುಗುವ ಹಲ್ಲಿನ ಬಳೆಯನ್ನೋ ಅಯಸ್ಕಾಂತದ ಬಳೆಯನ್ನೋ ಅದು ಮುಟ್ಟದೆಯೇ ಎಣಿಸುತ್ತ, ಗಾಲಿಯ ವೇಗವನ್ನು ಯಂತ್ರದ ಮಿದುಳಿಗೆ, ಅಂದರೆ ಕಂಟ್ರೋಲ್ ಯುನಿಟ್ಟಿಗೆ ತಿಳಿಸುತ್ತದೆ. ಯಾವುದಾದರೊಂದು ಗಾಲಿ ಹಠಾತ್ತನೆ ನಿಲ್ಲುವಂತೆ ಕಂಡರೆ ಯುನಿಟ್ ಆ ಗಾಲಿಯ ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಕೊಡುತ್ತದೆ. ಹೀಗೆ ಒಂದು ಸೆಕೆಂಡಿನಲ್ಲಿ ಹಲವು ಬಾರಿ. ಕಾಲ ಕೆಳಗೆ ಪೆಡಲ್ ನಡುಗುವುದು ಇದರಿಂದಲೇ. 1978ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ಈ ವ್ಯವಸ್ಥೆಯು ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಮಾರಾಟಕ್ಕೆ ಬಂದಿತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಇದು ಕಡ್ಡಾಯವಾಗಿದೆ. ಸೆನ್ಸರಿನ ಸುದ್ದಿ ನಂಬಲು ಯೋಗ್ಯವಲ್ಲವೆಂದು ತೋರಿದೊಡನೆ ಯುನಿಟ್ ಈ ಕಾರ್ಯದಿಂದ ಹಿಂದೆ ಸರಿದು ಹಳದಿ ದೀಪವನ್ನು ಹೊತ್ತಿಸುತ್ತದೆ. ಸಾಧಾರಣ ಬ್ರೇಕು ಆಗಲೂ ಹಿಡಿಯುತ್ತದೆ. ಹುಡುಗ ಮೋಸಹೋದದ್ದು ಅಲ್ಲಿಯೇ. ಒಣರಸ್ತೆಯ ನಿತ್ಯದ ಓಡಾಟದಲ್ಲಿ ಯಾವ ಕೊರತೆಯೂ ತೋರುವುದಿಲ್ಲ. ಕೊರತೆ ತೋರುವುದು ಅರಬೈಲು ಘಟ್ಟದಲ್ಲಿ.

ಇನ್ನು ಆ ಎರಡು ರಿಪೇರಿಗಳ ಕಥೆ. ಮೊದಲನೆಯ ಸಲ ಸ್ಕ್ಯಾನರ್ ಜೋಡಿಸಿ ನೋಡಿದಾಗ ‘ಮುಂದಿನ ಎಡಗಾಲಿಯ ಸೆನ್ಸರ್ ಸರ್ಕ್ಯೂಟ್’ ಎಂದು ಬಂದಿತು. ಹೊಸ ಸೆನ್ಸರ್ ಹಾಕಿದರು, ದೋಷದ ದಾಖಲೆಯನ್ನು ಅಳಿಸಿದರು, ದೀಪ ಆರಿತು. ಹನ್ನೆರಡನೆಯ ದಿನ ಮತ್ತೆ ಹೊತ್ತಿತು. ಎರಡನೆಯ ಸಲವೂ ಅದೇ ದೋಷ, ಅದೇ ಚಿಕಿತ್ಸೆ. ಮೂರನೆಯ ಸಲ ಹೋದಾಗ ಇಡೀ ಯುನಿಟ್ಟನ್ನೇ ಬದಲಾಯಿಸಬೇಕೆಂದು ಅರುವತ್ತು ಸಾವಿರದ ಅಂದಾಜುಪಟ್ಟಿಯನ್ನು ಕೈಗೆ ಕೊಟ್ಟರು. ಟೇಪು ಅಂಟಿದ್ದು ಆ ದಿನ.

ಸಂಸ್ಕೃತ ಪಾಠಶಾಲೆಯಲ್ಲಿ ನಮಗೆ ತರ್ಕಶಾಸ್ತ್ರವನ್ನು ಹೇಳಿಕೊಡುವಾಗ ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ದೃಷ್ಟಾಂತವನ್ನು ಸಾಕುಸಾಕೆನ್ನುವಷ್ಟು ಅರೆಯುತ್ತಿದ್ದರು. ಅದರೊಡನೆ ಅನ್ವಯ-ವ್ಯತಿರೇಕಗಳನ್ನೂ ಕಲಿಸಿದರು: ಇದು ಇದ್ದಾಗ ಅದು ಇರುತ್ತದೆಯೆ? ಇದು ಇಲ್ಲದಾಗ ಅದೂ ಇಲ್ಲವಾಗುತ್ತದೆಯೆ? ಹಳೆಯ ಸೆನ್ಸರ್ ಇಲ್ಲವಾದ ಮೇಲೂ ದೋಷ ಉಳಿದಿದೆಯೆಂದರೆ ಸೆನ್ಸರ್ ಕಾರಣವಲ್ಲ. ಇಷ್ಟನ್ನು ತಿಳಿಯಲು ಯಂತ್ರಶಾಸ್ತ್ರ ಬೇಕಿಲ್ಲ. ಸ್ಕ್ಯಾನರ್ ಹೇಳಿದ್ದಾದರೂ ಏನು? ‘ಸರ್ಕ್ಯೂಟ್’ ಎಂದು. ಸೆನ್ಸರ್, ಅದರ ವೈರು, ಕನೆಕ್ಟರ್, ಯುನಿಟ್ಟಿನವರೆಗಿನ ದಾರಿ, ಎಲ್ಲವೂ ಆ ಒಂದು ಶಬ್ದದಲ್ಲಿ ಅಡಕವಾಗಿವೆ. ಓದಿದವರು ಅರ್ಧವನ್ನೇ ಓದಿಕೊಂಡರು.

ಊರಿಗೆ ಮರಳಿದ ಮೇಲೆ ಪರಿಚಿತರ ಮಾತಿನಂತೆ ಹುಬ್ಬಳ್ಳಿಯ ಒಬ್ಬ ವೃದ್ಧ ಆಟೋ ಎಲೆಕ್ಟ್ರಿಶಿಯನ್‌ರಲ್ಲಿ ಹೋದೆವು. ಅವರು ಬಾನೆಟ್ಟನ್ನು ತೆರೆಯುವ ಮೊದಲು ಸ್ಟೂಲಿನ ಮೇಲೆ ಕುಳಿತು ಪ್ರಶ್ನೆಗಳನ್ನು ಕೇಳಿದರು. ದೀಪ ಹೊತ್ತುವುದು ಯಾವಾಗ? ಗಾಡಿ ತಣ್ಣಗಿದ್ದಾಗಲೋ ಬಿಸಿಯಾದಾಗಲೋ? ಮಳೆಯಲ್ಲಿಯೇ, ತಗ್ಗಿನಲ್ಲಿ ಜಿಗಿದಾಗಲೇ, ತಿರುವಿನಲ್ಲಿಯೇ? ಹುಡುಗನಿಗೆ ತಿಳಿಯದು. ಅವನ ಹೆಂಡತಿಯೇ ಹೇಳಿದಳು: ಮನೆಯ ಓಣಿಯಿಂದ ಎಡಕ್ಕೆ ಪೂರ್ತಿ ಹೊರಳುವಾಗ ಹೊತ್ತುತ್ತಿತ್ತು, ಮರುದಿನ ಕೀಲಿ ತಿರುಗಿಸಿ ಸ್ವಲ್ಪ ದೂರ ಹೋದರೆ ಆರುತ್ತಿತ್ತು. ಮೂರು ತಿಂಗಳಲ್ಲಿ ಆಕೆಯನ್ನು ಯಾರೂ ಕೇಳಿರಲಿಲ್ಲ. ಅನಂತರದ ಪ್ರಶ್ನೆ: ಇದಕ್ಕೆ ಮೊದಲು ಆ ಗಾಲಿಯ ಹತ್ತಿರ ಯಾವ ಕೆಲಸವಾಗಿತ್ತು? ಮುಂದಿನ ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಲಾಗಿತ್ತು.

‘ಗುರುಗಳ, ಗಾಡಿ ಸುಮ್ಮನ ನಿಂತಾಗ ಈ ರೋಗ ಸಿಗೂದಿಲ್ಲ’ ಎಂದು ಅವರು ನಕ್ಕರು. ಬ್ಯಾಟರಿಯ ಸಂಪರ್ಕವನ್ನು ತೆಗೆದು, ಸೆನ್ಸರಿನ ಕನೆಕ್ಟರನ್ನೂ ಯುನಿಟ್ಟಿನ ಕನೆಕ್ಟರನ್ನೂ ಬಿಡಿಸಿ, ನಡುವಣ ವೈರಿನ ಎರಡು ತುದಿಗಳಿಗೆ ಮಲ್ಟಿಮೀಟರನ್ನು ಹಿಡಿದರು. ಅಂಕಿ ಸರಿಯಾಗಿತ್ತು. ಸೆನ್ಸರನ್ನು ಮತ್ತೆ ಜೋಡಿಸಿ, ಅದೇ ವೈರಿನ ಮೇಲೆ ಕಣ್ಣಿಟ್ಟು ಸ್ಟೇರಿಂಗನ್ನು ನಿಧಾನವಾಗಿ ಎಡಕ್ಕೆ ತಿರುಗಿಸಲು ಹೇಳಿದರು. ಗಾಲಿ ಹೊರಳಿದಂತೆ ಸೆನ್ಸರಿನ ವೈರು ಬಿಗಿಯಾಗಿ ಕನೆಕ್ಟರನ್ನು ಜಗ್ಗಿತು. ಅಷ್ಟೇ ಜಗ್ಗನ್ನು ಕೈಯಿಂದ ಕೊಟ್ಟು ಮೀಟರ್ ನೋಡಿದರೆ ಅಂಕಿ ಮಾಯ, ಬಿಟ್ಟರೆ ಪ್ರತ್ಯಕ್ಷ. ಶಾಕ್ ಅಬ್ಸಾರ್ಬರ್ ಹಾಕಿದವರು ಸೆನ್ಸರಿನ ವೈರನ್ನು ಅದರ ಕ್ಲಿಪ್ಪಿನಲ್ಲಿ ಮರಳಿ ಕೂಡಿಸಿರಲಿಲ್ಲ. ಪ್ರತಿ ತಿರುವಿನಲ್ಲಿ ಜಗ್ಗಿ ಜಗ್ಗಿ, ಕನೆಕ್ಟರಿನ ಹಿಂದೆ ಕಾರಿನ ಕಡೆಯ ವೈರಿನ ತಾಮ್ರದ ಎಳೆಗಳು ಹೊದಿಕೆಯ ಒಳಗೇ ತುಂಡಾಗಿದ್ದವು. ಹೊರಗೆ ನೋಡಿದರೆ ಏನೂ ಕಾಣದು. ಹೊಸ ಸೆನ್ಸರ್ ಹಾಕುವಾಗ ಕನೆಕ್ಟರ್ ಅಲುಗಾಡಿ ತುದಿಗಳು ಕೆಲವು ದಿನ ತಾಗಿಕೊಂಡಿರುತ್ತಿದ್ದವು. ಅದನ್ನೇ ಎಲ್ಲರೂ ಗುಣವಾಯಿತೆಂದು ಭಾವಿಸಿದ್ದು!

ಮುರಿದ ಭಾಗವನ್ನು ಕತ್ತರಿಸಿ, ಹೊಸ ತುಂಡನ್ನು ಬೆಸೆದು, ನೀರು ಹೋಗದಂತೆ ಮುಚ್ಚಿ, ವೈರಿಗೆ ಸಾಕಷ್ಟು ಸಡಿಲು ಬಿಟ್ಟು ಕ್ಲಿಪ್ಪಿನಲ್ಲಿ ಕೂಡಿಸಿದರು. ಆ ಮೇಲೆ ಸ್ಕ್ಯಾನರಿನಲ್ಲಿ ನಾಲ್ಕು ಗಾಲಿಗಳ ವೇಗವನ್ನು ಒಟ್ಟಿಗೆ ನೋಡುತ್ತ, ಖಾಲಿ ಮೈದಾನದಲ್ಲಿ ಎಡಕ್ಕೂ ಬಲಕ್ಕೂ ಸುತ್ತು ಹಾಕಿಸಿದರು. ತೆಗೆದುಕೊಂಡದ್ದು ಎಂಟುನೂರು ರೂಪಾಯಿ. ಹೆಚ್ಚು ಕೊಡಹೋದರೆ ಒಪ್ಪಲಿಲ್ಲ.

ಎಲ್ಲ ಕಾರುಗಳಲ್ಲಿಯೂ ವೈರೇ ಕಾರಣವೆಂದು ಯಾರೂ ತಿಳಿಯಬಾರದು. ಸೆನ್ಸರ್ ಕೂಡುವ ಜಾಗದಲ್ಲಿ ತುಕ್ಕು ಬೆಳೆದು ಅದನ್ನು ಬಳೆಯಿಂದ ದೂರ ತಳ್ಳಬಹುದು; ಬಳೆಯೇ ಸೀಳಿರಬಹುದು. ಅಯಸ್ಕಾಂತದ ಬಳೆಯುಳ್ಳ ಬೇರಿಂಗನ್ನು ಹಿಂದುಮುಂದಾಗಿ ಕೂಡಿಸಿದ್ದರೆ ಹೊಸ ಸೆನ್ಸರಿಗೂ ಏನೂ ಕಾಣದು. ಸೋತ ಬ್ಯಾಟರಿಯೂ ಈ ದೀಪವನ್ನು ಹೊತ್ತಿಸಬಲ್ಲದು. ಎಡ-ಬಲದ ಸೆನ್ಸರುಗಳು ಒಂದೇ ಬಗೆಯವಾಗಿದ್ದರೆ ಅವುಗಳನ್ನು ಅದಲುಬದಲು ಮಾಡಿಸಿ ನೋಡಿರಿ: ದೋಷವೂ ಜಾಗ ಬದಲಿಸಿದರೆ ಸೆನ್ಸರ್ ಕೆಟ್ಟಿದೆ, ಇದ್ದಲ್ಲಿಯೇ ಉಳಿದರೆ ಬೇರೆಡೆ ಹುಡುಕಬೇಕು. ಖರ್ಚಿಲ್ಲದ ಪರೀಕ್ಷೆಯಿದು, ಅದಕ್ಕೆಂದೇ ಯಾರೂ ಮಾಡುವುದಿಲ್ಲವೇನೋ.

ಪ್ರಯಾಣದ ನಡುವೆ ಹಳದಿ ದೀಪ ಹೊತ್ತಿದರೆ ವೇಗವನ್ನು ತಗ್ಗಿಸಿ, ಮುಂದಿನ ವಾಹನದಿಂದ ಹೆಚ್ಚು ಅಂತರವನ್ನಿಟ್ಟುಕೊಂಡು ಗ್ಯಾರೇಜಿಗೆ ಹೋಗಬಹುದು. ಅದರೊಡನೆ ಕೆಂಪು ಬ್ರೇಕ್ ದೀಪವೂ ಹೊತ್ತಿದರೆ ಮುಂದೆ ಹೋಗಬಾರದು. ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಸಹಾಯವನ್ನು ಕರೆಯಬೇಕು. ಹಳೆಯ ಕಾರನ್ನು ಕೊಳ್ಳುವವರು ಇನ್ನೊಂದನ್ನು ಗಮನಿಸಬೇಕು. ಕೀಲಿ ತಿರುಗಿಸಿದೊಡನೆ ಆ ಹಳದಿ ದೀಪ ಒಮ್ಮೆ ಹೊತ್ತಿ, ಕೆಲವು ಕ್ಷಣಗಳಲ್ಲಿ ತಾನಾಗಿ ಆರಬೇಕು. ಹೊತ್ತದೆಯೇ ಇದ್ದರೆ, ನಮ್ಮ ಹುಡುಗನಿಗಿಂತ ಜಾಣನೊಬ್ಬ ಟೇಪಿನ ಗೊಡವೆಯಿಲ್ಲದೆ ದೀಪವನ್ನೇ ತೆಗೆದಿರಲೂಬಹುದು.